ತೊಳೆದ ಕಾರ್ಬುರೇಟರ್

ಹಳೇ ಕಾರಿನ ಮಾಲೀಕ ಇನಾಮದಾರರು, ರಿಪೇರಿಯಾಗಿ ಬಂದ ಕಾರ್ಬುರೇಟರ್ ಕೈಯಲ್ಲಿ ಹಿಡಿದು, ಕೆಂಡಾಮಂಡಲವಾಗಿ ದಸ್ತಗೀರನ ಗ್ಯಾರೇಜಿಗೆ ನುಗ್ಗಿದರು.

"ಲೇ ಕಳ್ಳಾ! ಇದು ಹೊಸಾ ಕಾರ್ಬುರೇಟರ್. ನಮ್ಮಜ್ಜನ ಕಾಲದ್ದು ಯಾರಿಗೆ ಮಾರಿದಿ?"

"ಇದು ನಿಮ್ದ ಐತ್ರಿ, ಸಾಹೇಬ್ರ. ಸೀಮೆಎಣ್ಣ್ಯಾಗ ತೊಳದೀನಿ, ಅಷ್ಟ."

"ಸುಳ್ಳು! ಸಾಮಾನು ನೋಡಿದ್ರ ಇಸವಿ ಹೇಳಾಂವ ನಾನು. ಪೊಲೀಸರನ್ನ ಕರಸ್ತೀನಿ!"

ನಿಯತ್ತಿನಿಂದ ದುಡಿದವನಿಗೆ ಕಳ್ಳನೆಂಬ ಹೆಸರು! ದಸ್ತಗೀರನ ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿ, "ತಪ್ಪಾತ್ರಿ, ತರ್ತೀನಿ" ಎಂದು ಅದನ್ನೇ ಒಳಗೊಯ್ದ. ಸುಟ್ಟ ಆಯಿಲ್ ಬಳಿದು, ಮಣ್ಣಿನಲ್ಲಿ ಹೊರಳಿಸಿ ತಂದ.

ಇನಾಮದಾರರು ಅದನ್ನು ಬಿಳಿ ಜುಬ್ಬಾಕ್ಕೇ ಅವಚಿಕೊಂಡರು. "ಇದ ನೋಡು! ಮೂವತ್ತಾರನೇ ಇಸವೀದು!"

ದಸ್ತಗೀರ ಅದನ್ನು ಕಸಿದು, ಅವರ ಕಣ್ಣೆದುರೇ ಒರೆಸಿದ. ಮೊದಲಿನ ಕಾರ್ಬುರೇಟರೇ ಹೊಳೆಯಿತು. ಇನಾಮದಾರರು ಜುಬ್ಬಾದ ಮೇಲಿನ ಕರಿ ಕಲೆ ಉಜ್ಜತೊಡಗಿದರು.

"ಮೂವತ್ತಾರನೇ ಇಸವಿ ಈಗ ನಿಮ್ಮ ಜುಬ್ಬಾದ ಮ್ಯಾಲೈತ್ರಿ. ಒಗ್ಯಾಕ ಕೊಡಬ್ಯಾಡ್ರಿ. ಬೆಳ್ಳಗಾಗಿ ಬಂದ್ರ, ಬದಲಿ ಮಾಡ್ಯಾನಂತ ದೋಬಿಗೂ ಕಳ್ಳ ಅಂತೀರಿ!"