ರಾಣಿಯ ದನಿ ಸೊರಗಿದ್ದೇಕೆ?

“ಕೇಳ್ರಪ್ಪೋ ಕೇಳ್ರಿ! ಅರಮನೆಯ ಸ್ಟೀರಿಯೋ ಕೆಟ್ಟಿದೆ. ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಉರುಳುತ್ತದೆ!”

ಸಿರಿದುರ್ಗದ ಬೀದಿಗಳಲ್ಲಿ ಡಂಗುರ ಸಾರಿದರು. ತೀರಿಹೋದ ರಾಣಿ ಹಾಡಿದ್ದ ಕ್ಯಾಸೆಟ್ಟೊಂದು ಉಳಿದಿತ್ತು. ಅದನ್ನು ಕೇಳದೆ ರಾಜನಿಗೆ ಅನ್ನ ಸೇರುತ್ತಿರಲಿಲ್ಲ.

ರಾಜಕುಮಾರಿ ಕಾಂಚನಮಾಲೆ ಕೇಳಿದಳು: “ಸ್ಟೀರಿಯೋದ ಎಡ ಸ್ಪೀಕರ್ ಪೆಟ್ಟಿಗೆ ಮೂಕವಾಗಿತ್ತು. ಪೆಟ್ಟಿಗೆಗಳ ತಂತಿ ಅದಲುಬದಲು ಮಾಡಿದೆವು. ಈಗ ಎಡದ್ದು ಹಾಡುತ್ತದೆ, ಬಲದ್ದು ಮೂಕ. ಕೆಟ್ಟದ್ದು ಯಾವುದು?”

ಒಬ್ಬ ರಾಜಕುಮಾರ ಎಡವೆಂದ, ಇನ್ನೊಬ್ಬ ಬಲವೆಂದ. ತಲೆ ಉರುಳಿಸಲೆಂದು ಇಬ್ಬರನ್ನೂ ಸೆರೆಗೆ ಎಳೆದೊಯ್ದರು.

ಮುಂದಿನ ಸರದಿ ಮೈಕ್‌ಸೆಟ್ಟು ಹೊರುವ ಈರಭದ್ರನದು. ಎಡವೂ ಅಲ್ಲ, ಬಲವೂ ಅಲ್ಲವೆಂದರೆ ಇನ್ನೇನು? ಪೆಟ್ಟಿಗೆಗಳನ್ನೂ ಅವುಗಳ ತಂತಿಯನ್ನೂ ತಿರುತಿರುಗಿ ನೋಡಿದ. ಕೊನೆಗೆ ಅಂದ: “ತಾಯಿ, ಪೆಟ್ಟಿಗೆ ಎರಡೂ ಸರಿಯಾಗಿವೆ. ತಂತಿ ಹೋದಲ್ಲಿಗೆ ಮೌನವೂ ಹೋಗಿದೆ. ತಂತಿಯೇ ತುಂಡಾಗಿದೆ.” ಹುಡುಕಿ, ತುಂಡಾದದ್ದನ್ನು ಅವಸರದಲ್ಲೇ ಹೆಣೆದ.

“ಸರಿ. ಎರಡನೆಯದು ಕೇಳು. ಹಾಡು ಹಾಕದಿದ್ದರೂ ಸ್ಟೀರಿಯೋ ಗುಂಯ್‌ಗುಡುತ್ತದೆ, ಅದರ ಮೈ ಮುಟ್ಟಿದರೆ ಸುಮ್ಮನಾಗುತ್ತದೆ. ಅದಕ್ಕೆ ಬೇಕಾದದ್ದೇನು?”

ಈರಭದ್ರ ಮುಟ್ಟಿದ, ಸದ್ದು ನಿಂತಿತು. ಮರದ ಮಣೆ ಹತ್ತಿ ಮುಟ್ಟಿದ, ನಿಲ್ಲಲಿಲ್ಲ. ಇದೇನಪ್ಪಾ ಎಂದು ತನ್ನ ಬರಿಗಾಲನ್ನೇ ನೋಡಿಕೊಂಡ. “ನೆಲ ಬೇಕು ತಾಯಿ! ನೆಲಕ್ಕೆ ಹೋಗುವ ಅರ್ಥ್ ತಂತಿ ಕಳಚಿದೆ.” ಅದನ್ನು ಬಿಗಿದ. ಗುಂಯ್ ಅಡಗಿತು.

ಕ್ಯಾಸೆಟ್ ಹಾಕಿದರು. ಮದ್ದಳೆಯ ಸದ್ದು ಟೊಳ್ಳಾಗಿತ್ತು, ರಾಣಿಯ ದನಿ ಎಲ್ಲೋ ದೂರದಿಂದ ಬಂದಂತಿತ್ತು. ರಾಜನ ಮುಖ ಕಪ್ಪಿಟ್ಟಿತು. “ಇದು ಅವಳ ದನಿಯಲ್ಲ!”

“ಇದೇ ಮೂರನೆಯದು,” ಎಂದಳು ಕಾಂಚನಮಾಲೆ, ಪೆಟ್ಟಿಗೆಗಳನ್ನು ಒಂದೊಂದಾಗಿ ಹಾಡಿಸಿ ನೋಡಿ. “ಪೆಟ್ಟಿಗೆ ಒಂದೊಂದೇ ಹಾಡಿದರೆ ದನಿ ತುಂಬಿರುತ್ತದೆ. ಎರಡೂ ಕೂಡಿದರೆ ಸೊರಗುತ್ತದೆ. ಯಾಕೆ?”

ಈರಭದ್ರ ಬಗ್ಗಿ ತಂತಿ ಹಿಡಿದ. ಮೊದಲಿನಿಂದ ತಡವಿಕೊಂಡು ಬಂದ. ತಾನೇ ಹೆಣೆದ ಗಂಟಿನ ಹತ್ತಿರ ಅವನ ಕೈ ನಿಂತಿತು. ಕೆಂಪು ಎಳೆಗೆ ಕಪ್ಪನ್ನು, ಕಪ್ಪಿಗೆ ಕೆಂಪನ್ನು ಸೇರಿಸಿದ್ದ!

ಸುಮ್ಮನೆ ಬದಲಿಸಿಬಿಟ್ಟರೆ ಯಾರಿಗೂ ತಿಳಿಯದು. ಆದರೆ ಒಗಟಿಗೆ ಉತ್ತರ ಹೇಳಲೇಬೇಕಲ್ಲ.

“ಮಹಾಸ್ವಾಮಿ, ತಪ್ಪು ನನ್ನದೇ. ತಂತಿ ತಿರುವುಮುರುವು ಮಾಡಿದೆ. ಒಂದು ಪೆಟ್ಟಿಗೆ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿದೆ. ಒಂದರ ದನಿಯನ್ನು ಇನ್ನೊಂದು ನುಂಗುತ್ತಿದೆ.”

ಸರಿಪಡಿಸಿದ. ಮದ್ದಳೆ ಎದೆಗೆ ಬಡಿಯಿತು, ರಾಣಿ ಎದುರಿಗೇ ಕೂತು ಹಾಡಿದಂತಾಯಿತು. ರಾಜ ಕಣ್ಣೊರೆಸಿಕೊಂಡ. “ಏನು ಬೇಕು, ಕೇಳು.”

“ಆ ಇಬ್ಬರು ರಾಜಕುಮಾರರನ್ನು ಬಿಟ್ಟುಬಿಡಿ, ಸ್ವಾಮಿ. ನನಗೂ ಮೊದಲು ಏನೂ ತಿಳಿದಿರಲಿಲ್ಲ.”

“ಬಿಟ್ಟೆ. ನಿನಗೆ?”

ಈರಭದ್ರ ಪೆಟ್ಟಿಗೆಗಳ ಕಡೆ ತಿರುಗಿದ. “ಹಾಡು ಪೂರ್ತಿ ಕೇಳಬೇಕು.”

ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದ. ಕಾಂಚನಮಾಲೆ ಸರಿದು ತನ್ನ ಪಕ್ಕದಲ್ಲೇ ಜಾಗ ಕೊಟ್ಟಳು.