ಸವೆಯದ ತುದಿ

ತಿರುವಿನಲ್ಲಿ ಬೈಕ್ ವಾಲಿದಾಗ ಫುಟ್‌ರೆಸ್ಟ್ ರಸ್ತೆಗೆ ಉಜ್ಜಬಾರದೆಂದು, ತುಸು ಮೇಲಕ್ಕೂ ಹಿಂದಕ್ಕೂ ಜೋಡಿಸುವ ರೇಸ್ ಫುಟ್‌ರೆಸ್ಟ್ ಜೋಡಿಯನ್ನು ಮೂರು ತಿಂಗಳು ಹುಡುಕಿ ತರಿಸಿದೆ. ಬಲಗಡೆಯ ಹಳೆಯದನ್ನು ಬಿಚ್ಚಿ ಕೆಳಗಿಟ್ಟು ಹೊಸದನ್ನು ಬಿಗಿಯುತ್ತಿದ್ದೆ.

ಹೊಸದು ಕೇಳಿತು: "ಅಜ್ಜಾ, ರಸ್ತೆಗೆ ಉಜ್ಜಿ ಉಜ್ಜಿ ಬಹಳ ಸವೆದಿರಬೇಕು ನೀನು?"

ಹಳೆಯದು ಹೇಳಿತು: "ಆರು ವರ್ಷ ದುಡಿದೆ. ತುದಿಯಲ್ಲಿ ಕಂಪನಿಯ ಬಣ್ಣ ಹಾಗೇ ಇದೆ, ನೋಡಪ್ಪ. ತಿರುವು ಬಂದರೆ ನಮ್ಮ ಯಜಮಾನರು ಇಳಿದು ತಳ್ಳುವುದೊಂದೇ ಬಾಕಿ."

ಸಂಜೆ ಗೆಳೆಯರು ಬೈಕ್ ನೋಡಲು ಬರುವವರಿದ್ದರು; ಬಿಚ್ಚಿದ ಹಳೆಯದನ್ನೂ ನೋಡದೆ ಬಿಡುವವರಲ್ಲ. ಕಬ್ಬಿಣ ಉಜ್ಜುವ ಅರ ತಂದು, ಹಳೆಯದರ ತುದಿಯ ಬಣ್ಣವನ್ನು ನಾನೇ ಉಜ್ಜತೊಡಗಿದೆ.

"ಎಡಗಡೆಯದನ್ನೂ ಉಜ್ಜಿಬಿಡಿ ಸ್ವಾಮಿ," ಎಂದಿತು ಅದು. "ಬಲಕ್ಕೆ ಮಾತ್ರ ತಿರುಗುತ್ತೀರಿ ಅಂದುಕೊಂಡಾರು."