ಬಂಡೆಯ ಬುಡದ ಅಂಗೈಯಷ್ಟು ಕಲ್ಲು

"ನಾಳಿಂದ ಚಕ್ಕೆಕಲ್ಲೂ ನೀವ ಇಟ್ಕೋರಿ."

ಹುಲಿಗೆವ್ವ ಗಂಡನಿಗೆ ಕಡೆಯದಾಗಿ ಅಂದದ್ದು ಇಷ್ಟೇ.

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳನ್ನು ಗಂಡ ಹೆಂಡತಿ ಸೇರಿ ಕಟ್ಟುತ್ತಿದ್ದರು. ತುಂಗಭದ್ರೆಯ ದಂಡೆಯಲ್ಲಿ ಭರಮಪ್ಪ ಬಂಡೆ ಹೊತ್ತು ತಂದು ಇಡುವನು. ಅದು ಅಲುಗದ ಹಾಗೆ ಹುಲಿಗೆವ್ವ ಬುಡಕ್ಕೆ ಒಂದು ಚಕ್ಕೆಕಲ್ಲು ಸಿಕ್ಕಿಸುವಳು. ಅವನದು ಆನೆಯಷ್ಟು. ಇವಳದು ಅಂಗೈಯಷ್ಟು. ಅವನೊಂದು, ಇವಳೊಂದು. ಹೀಗೇ ಬೆಟ್ಟ ಏರುತ್ತಿತ್ತು.

ಒಂದು ದಿನ ಬಡಗಣ ಗಾಳಿ ಬಂತು. ಈಗ ನೇಪಾಳ ಅಂತಾರಲ್ಲ, ಆ ಕಡೆಯಿಂದ. ಅಲ್ಲಿಯೂ ಗಂಡ ಹೆಂಡತಿ ಇಬ್ಬರು ಬೆಟ್ಟ ಕಟ್ಟುತ್ತಿದ್ದಾರೆ ಎಂದಿತು. ಆಚೆಯಿಂದ ಅವನು, ಈಚೆಯಿಂದ ಅವಳು, ನೆಲವನ್ನೇ ಒತ್ತಿ ಮೇಲೆತ್ತುತ್ತಾರಂತೆ. ಮೋಡ ಸೊಂಟಕ್ಕೆ ಬರುತ್ತದಂತೆ, ನೆತ್ತಿಯ ಮೇಲೆ ಹಿಮವಂತೆ. ನಿಮ್ಮದು ಬರೀ ಗುಡ್ಡ ಆಯ್ತಲ್ಲ ಭರಮಪ್ಪ ಎಂದು ನಕ್ಕಿತು.

ಭರಮಪ್ಪನಿಗೆ ಚುರ್ ಎಂದಿತು.

"ಅಲ್ಲಿ ಇಬ್ಬರು. ಇಲ್ಲಿ ನಾ ಒಬ್ಬನ ಕಟ್ಟೀನಿ," ಎಂದುಬಿಟ್ಟ.

ಹುಲಿಗೆವ್ವ ಪಕ್ಕದಲ್ಲೇ ಇದ್ದಳು. ಕೈಯಲ್ಲಿ ಚಕ್ಕೆ ಇತ್ತು. ಕೆಳಗಿಟ್ಟಳು. ಆ ಒಂದು ಮಾತು ಆಡಿ, ಬಂಡೆಯ ನೆರಳಿಗೆ ಹೋಗಿ ಮಲಗಿದಳು.

ಬಿಸಿಲು ಇಳಿದ ಮೇಲೆ ಭರಮಪ್ಪ ಕರೆದ. ಓಗೊಡಲಿಲ್ಲ. ಮುಟ್ಟಿದ. ಮೈ ತಣ್ಣಗಾಗಿತ್ತು. ಅಲ್ಲೇ ಮಣ್ಣು ಮಾಡಿದ.

ಬೆಳಗಾಯಿತು. ಬೇರೇನು ಮಾಡಬೇಕೋ ತಿಳಿಯದೆ ಒಂದು ಬಂಡೆ ಹೊತ್ತು ತಂದಿಟ್ಟ. ಉರುಳಿತು. ಮತ್ತೆ ಇಟ್ಟ. ಮತ್ತೆ ಉರುಳಿತು.

ಯಾಕೋ, ಒಬ್ಬನೇ ಕಟ್ಟಿದ್ದಲ್ಲವಾ ಎಂದು ಗಾಳಿ ಕೇಳಿತು.

ಭರಮಪ್ಪ ಮುಖ ಎತ್ತಲಿಲ್ಲ. "ಸುಳ್ಳು ಹೇಳ್ದೆ. ನಾ ಇಟ್ಟೆ ಅಷ್ಟ. ನಿಲ್ಲಿಸಿದಾಕಿ ಆಕಿ."

ಗಾಳಿ ನಗಲಿಲ್ಲ. "ಇದನ್ನ ನಿನ್ನೆ ಅನ್ನಬೇಕಿತ್ತು," ಎಂದು ಹೋಯಿತು.

ನೇಪಾಳದಲ್ಲಿ ಆ ಇಬ್ಬರೂ ಇನ್ನೂ ಒತ್ತುತ್ತಲೇ ಇದ್ದಾರೆ. ಅಲ್ಲಿಯ ಬೆಟ್ಟ ವರ್ಷಕ್ಕೆ ಕೂದಲೆಳೆಯಷ್ಟು ಇನ್ನೂ ಬೆಳೆಯುತ್ತದೆ. ನಮ್ಮದು ಅವತ್ತಿಗೆ ನಿಂತಿತು.

ಭರಮಪ್ಪ ಮತ್ತೆ ಬಂಡೆ ಎತ್ತಲಿಲ್ಲ. ಅವಳು ಕೆಳಗಿಟ್ಟ ಚಕ್ಕೆ ಹುಡುಕಿದ. ಅವಳು ಮಲಗಿದ್ದ ಜಾಗದ ಬಂಡೆಯ ಬುಡಕ್ಕೆ ಸಿಕ್ಕಿಸಲು ಹೋದ. ದೊಡ್ಡ ಕೈ, ಸಂದಿಗೆ ಹಿಡಿಸಲಿಲ್ಲ. ಮೊಣಕಾಲೂರಿ, ಬೆರಳ ತುದಿಯಿಂದ ತಳ್ಳಿ ತಳ್ಳಿ ಕೂರಿಸಿದ. ಅದಕ್ಕೇ ಮಗಾ, ನಮ್ಮ ಕಡೆ ಆನೆಯಂಥ ಬಂಡೆ ಬೀಳದೆ ನಿಂತದ್ದು ಕಂಡರೆ ಬಗ್ಗಿ ನೋಡು, ಬುಡದಲ್ಲಿ ಅಂಗೈಯಷ್ಟು ಕಲ್ಲೊಂದು ಇರುತ್ತದೆ.